ಕುರಿ ತರುಬೋ ಜಾಗ, ಗಾಡಿ ನಿಲ್ಲಿಸೋ ಜಾಗ

ನಾನು ಬಳ್ಳಾರಿ ಹತ್ತಿರದ ಕುಡತಿನಿಯವನು. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಪಾಠ ಹೇಳಿ ನಿವೃತ್ತನಾದವನು. ಇವತ್ತು ನಾನು ಮಾತಾಡೋದು ಮನೆ ಬಿಟ್ಟು ಬಯಲಲ್ಲಿ ತಂಗೋ ಜನರ ಬಗ್ಗೆ. ಒಂದು ಬಯಲು ಅಮೆರಿಕದ ಅರಿಜೋನಾದಲ್ಲಿದೆ, ಇನ್ನೊಂದು ನಮ್ಮೂರಿನದು. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದಾಗ ನಮ್ಮೂರಿನಲ್ಲಿ ಒಂದು ಕೆಲಸ ಬಾಕಿ ಇದೆ ಅಂತ ನನಗೆ ಅನಿಸಿತು. ಅದನ್ನ ಕೊನೆಗೆ ಹೇಳ್ತೀನಿ.

ಮೊದಲು ಅರಿಜೋನಾ. 2020ರ ಜನವರಿಯಲ್ಲಿ ಮಗಳು-ಅಳಿಯನ ಮನೆಗೆ ಫೀನಿಕ್ಸ್‌ಗೆ ಹೋಗಿದ್ದೆವು. ಅಳಿಯ ನಾಲ್ಕು ದಿನಕ್ಕೆ ಒಂದು ಆರ್‌ವಿ ಬಾಡಿಗೆಗೆ ತಂದರು. ಆರ್‌ವಿ ಅಂದ್ರೆ ಬಸ್ಸಿನಂಥ ಗಾಡಿ. ಒಳಗೇ ಮಂಚ, ಒಲೆ, ಸಿಂಕು, ಕಕ್ಕಸು ಎಲ್ಲಾ ಇರುತ್ತೆ. ಫೀನಿಕ್ಸ್‌ನಿಂದ ಪಶ್ಚಿಮಕ್ಕೆ ಸುಮಾರು 200 ಕಿಲೋಮೀಟರ್ ಹೋದರೆ ಕ್ವಾರ್ಟ್ಜ್‌ಸೈಟ್ ಅನ್ನೋ ಊರು. ಊರಿನ ಖಾಯಂ ಜನ ಎರಡೂವರೆ ಸಾವಿರದೊಳಗೆ. ಚಳಿಗಾಲದಲ್ಲಿ ಮಾತ್ರ ಸುತ್ತಲಿನ ಮರುಭೂಮಿ ತುಂಬಾ ಗಾಡಿಗಳೇ. ಉತ್ತರದ ರಾಜ್ಯಗಳಿಂದ, ಕೆನಡಾದಿಂದ, ಹಿಮ ತಪ್ಪಿಸಿಕೊಂಡು ವಯಸ್ಸಾದವರು ಬಂದು ತಿಂಗಳುಗಟ್ಟಲೆ ತಂಗ್ತಾರೆ. ಅವರನ್ನ ಅಲ್ಲಿ 'ಸ್ನೋಬರ್ಡ್' ಅಂತಾರೆ, ಹಿಮದ ಹಕ್ಕಿಗಳು. ಬೇಸಿಗೆ ಬಂತೋ, ಯಾರೂ ಇರಲ್ಲ. ಬಳ್ಳಾರಿಗೆ ಎರಡೇ ಕಾಲ, ಬೇಸಿಗೆ ಮತ್ತು ಕಡುಬೇಸಿಗೆ ಅಂತ ನಾವು ನಗಾಡ್ತೀವಲ್ಲ, ಅಲ್ಲಿನ ಬೇಸಿಗೆ ನಮ್ಮದನ್ನೂ ಮೀರಿಸುತ್ತೆ.

ಆ ಜಮೀನು ಯಾರದ್ದು? ಸರ್ಕಾರದ್ದು. ಬ್ಯೂರೋ ಆಫ್ ಲ್ಯಾಂಡ್ ಮ್ಯಾನೇಜ್‌ಮೆಂಟ್ ಅಂತ ಒಂದು ಇಲಾಖೆ ನೋಡಿಕೊಳ್ಳುತ್ತೆ. ಊರ ದಕ್ಷಿಣಕ್ಕೆ ಲಾ ಪೋಸಾ ಅನ್ನೋ ಬಯಲಿದೆ, 11,000 ಎಕರೆಗೂ ಹೆಚ್ಚು. ಸೆಪ್ಟೆಂಬರ್ 15ರಿಂದ ಏಪ್ರಿಲ್ 15ರವರೆಗೆ, ಏಳು ತಿಂಗಳು, ಅಲ್ಲಿ ಗಾಡಿ ನಿಲ್ಲಿಸೋಕೆ ಆಗ 180 ಡಾಲರ್ ಪರವಾನಗಿ. ಎರಡು ವಾರಕ್ಕಾದರೆ 40 ಡಾಲರ್. ಅದರಲ್ಲೇ ಕುಡಿಯೋ ನೀರು, ಕಸ ಹಾಕೋ ಜಾಗ, ಗಾಡಿಯ ಕಕ್ಕಸಿನ ಟ್ಯಾಂಕು ಖಾಲಿ ಮಾಡೋ ಜಾಗ. ಮರುಭೂಮಿಯಲ್ಲಿ ಬಾಳೋಕೆ ನಿಜವಾಗಿ ಬೇಕಾಗೋದು ಈ ಮೂರೇ. ನೀರು ಎಲ್ಲಿಂದ ತರಬೇಕು, ಹೊಲಸು ಎಲ್ಲಿ ಬಿಡಬೇಕು ಅನ್ನೋದು ಗೊತ್ತಿದ್ದರೆ ಉಳಿದದ್ದು ತಾನಾಗೇ ನಡೆಯುತ್ತೆ.

ನನ್ನ ಗಮನ ಸೆಳೆದದ್ದು ಮಾತ್ರ ಬೇರೆ. ಬಯಲಿನ ಬಾಗಿಲಲ್ಲಿ ಒಂದು ಚಿಕ್ಕ ಕಚೇರಿ. ಪಕ್ಕದಲ್ಲಿ ಒಂದು ಹಳೇ ಆರ್‌ವಿ. ಅದರಲ್ಲಿ ಎಪ್ಪತ್ತು ದಾಟಿದ ಗಂಡ-ಹೆಂಡತಿ. ಇವರು 'ಕ್ಯಾಂಪ್ ಹೋಸ್ಟ್' ಅಂತೆ, ಅಂದ್ರೆ ಬಿಡಾರದ ಯಜಮಾನ್ರು. ಇಲಾಖೆಯ ನೌಕರರಲ್ಲ, ಸ್ವಯಂಸೇವಕರು. ಸಂಬಳ ಇಲ್ಲ. ವಾರಕ್ಕೆ ಇಷ್ಟು ಗಂಟೆ ಕೆಲಸ ಅಂತ ಒಪ್ಪಂದ, ಬದಲಿಗೆ ಜಾಗ ಪುಕ್ಕಟೆ. ಬಂದವರಿಗೆ ನಿಯಮ ಹೇಳೋದು, ಚೀಟಿ ಕೊಡೋದು, ಬೆಂಕಿ ಎಲ್ಲಿ ಹಾಕಬಹುದು ಅಂತ ತೋರಿಸೋದು, ದಾರಿ ತಪ್ಪಿದವರನ್ನ ಕರೆತರೋದು. ಎರಡು ದಿನ ಗಾಡಿಯಿಂದ ಹೊರಗೇ ಬರದ ಮುದುಕರಿದ್ದರೆ ಬಾಗಿಲು ತಟ್ಟಿ ನೋಡೋದೂ ಅವರೇ. ನಾವು ಪ್ರವಾಸಿ ವೀಸಾದಲ್ಲಿ ಹೋದವರು, ಅಂಥ ಕೆಲಸಕ್ಕೆ ಕೈ ಹಾಕೋ ಹಾಗಿಲ್ಲ. ಕೂತು ನೋಡಿದೆ, ಕೇಳಿದೆ ಅಷ್ಟೆ.

ಇದೆಲ್ಲಾ ಬರೀ ಮೋಜು ಅಂತ ತಿಳಿಯಬೇಡಿ. ಅಲ್ಲಿ ಲಕ್ಷಾಂತರ ಡಾಲರಿನ ಗಾಡಿಗಳೂ ಇದ್ದವು, ಕಿಟಕಿಗೆ ರಟ್ಟು ಬಡಿದ ಹಳೇ ವ್ಯಾನುಗಳೂ ಇದ್ದವು. 2008ರ ಆರ್ಥಿಕ ಕುಸಿತದಲ್ಲಿ ಮನೆ ಕಳಕೊಂಡು ಗಾಡಿಯನ್ನೇ ಮನೆ ಮಾಡಿಕೊಂಡವರು ಬಹಳ ಜನ. ಇಂಥವರ ಬಗ್ಗೆ ಜೆಸ್ಸಿಕಾ ಬ್ರೂಡರ್ 2017ರಲ್ಲಿ 'ನೊಮ್ಯಾಡ್‌ಲ್ಯಾಂಡ್' ಪುಸ್ತಕ ಬರೆದರು. ಅದೇ ಸಿನಿಮಾ ಆಗಿ 2021ರಲ್ಲಿ ಆಸ್ಕರ್ ಪಡೆಯಿತು. ಶ್ರೀಮಂತ, ಬಡವ ಇಬ್ಬರಿಗೂ ಅದೇ ಬಯಲು, ಅದೇ ಚೀಟಿ, ಅದೇ ನಲ್ಲಿ. ಅದು ನನಗೆ ಹಿಡಿಸಿತು.

ಆ ಊರಿನಲ್ಲಿ ಇನ್ನೊಂದು ವಿಶೇಷ. ಸ್ಮಶಾನದಲ್ಲಿ ಕಲ್ಲಿನ ಪಿರಮಿಡ್ಡು, ಅದರ ತುದಿಗೆ ಒಂಟೆ. ಅದು ಹಾಜಿ ಅಲಿ ಅನ್ನೋನ ಸಮಾಧಿ. 1850ರ ದಶಕದಲ್ಲಿ ಅಮೆರಿಕದ ಸೈನ್ಯ ಮರುಭೂಮಿಯಲ್ಲಿ ಸಾಮಾನು ಸಾಗಿಸೋಕೆ ಒಂಟೆ ತರಿಸಿದಾಗ, ಅವುಗಳನ್ನ ನಡೆಸೋಕೆ ಬಂದವನು. ಅಲ್ಲಿನವರ ನಾಲಿಗೆಯಲ್ಲಿ ಹಾಜಿ ಅಲಿ 'ಹೈ ಜಾಲಿ' ಆದ. 1902ರಲ್ಲಿ ತೀರಿಕೊಂಡ. ಪ್ರಾಣಿ ಹೊಡಕೊಂಡು ಬಂದ ಒಬ್ಬ ಪರದೇಶಿಗೆ ಆ ಊರು ಗುರುತು ಇಟ್ಟಿದೆ.

ಈಗ ನಮ್ಮ ಕುಡತಿನಿಗೆ ಬರೋಣ. ನಮ್ಮ ಕಡೆ ಗಾಡಿಯಲ್ಲಿ ತಿರುಗೋ ಜನ ಇಲ್ಲ, ಮಂದೆ ಹೊಡಕೊಂಡು ತಿರುಗೋ ಜನ ಇದ್ದಾರೆ. ಕುರಿಗಾಹಿಗಳು. ಮಳೆಗಾಲ ಮುಗಿದು ಪೈರು ಕೊಯ್ದ ಮೇಲೆ ಅವರು ಹೊರಡ್ತಾರೆ. ಸಿರುಗುಪ್ಪ ಕಡೆ ತುಂಗಭದ್ರಾ ಕಾಲುವೆಯ ಭತ್ತದ ಗದ್ದೆ, ಕುರುಗೋಡು ಕಡೆ ಎರೆಹೊಲ. ಮುಂಚೆ ಕತ್ತೆ-ಕುದುರೆ ಮೇಲೆ ಸಾಮಾನು, ಈಗ ಟೆಂಪೋ. ಸುತ್ತ ಬಲೆ ಕಟ್ಟಿ, ನಾಯಿ ಬಿಟ್ಟು, ಮರಿಗಳನ್ನ ಬುಟ್ಟಿಯಡಿ ಮುಚ್ಚಿ, ಕಂಬಳಿ ಹೊದ್ದು ಮಲಗ್ತಾರೆ.

ರೈತ ಅವರನ್ನ ತಾನಾಗಿ ಕರೀತಿದ್ದ. ಅದಕ್ಕೆ 'ಕುರಿ ತರುಬೋದು' ಅಂತೀವಿ. ರಾತ್ರಿ ಮಂದೆ ಹೊಲದಲ್ಲಿ ನಿಂತರೆ ಹಿಕ್ಕೆ, ಗಂಜಳ ಎರಡೂ ಮಣ್ಣಿಗೆ. ಬದಲಿಗೆ ಕುರಿಗಾಹಿಗೆ ಜೋಳ ಅಥವಾ ದುಡ್ಡು, ಕುರಿಗೆ ಕೂಳೆ ಮೇವು. ನಮ್ಮಪ್ಪ ಪ್ರತಿ ವರ್ಷ ಕರೆಸೋರು. "ಈ ಸಲ ಎಲ್ಲಿ ತರುಬ್ಲಿ ಯಜಮಾನ್ರೆ?" ಅಂತ ಅವರು, "ಕೆಳಗಿನ ತಾಕಿಗೆ ಮೂರು ರಾತ್ರಿ ಹಾಕಪ್ಪ, ಆಮೇಲೆ ಮ್ಯಾಲಕ್ಕ ಹೋಗು" ಅಂತ ಇವರು. ಕಾಗದ ಇಲ್ಲ, ಸಹಿ ಇಲ್ಲ. ಜಾಗ ಪುಕ್ಕಟೆ, ಕೆಲಸ ಬದಲಿಗೆ. ಕ್ವಾರ್ಟ್ಜ್‌ಸೈಟ್‌ನ ಆ ಮುದುಕರ ಒಪ್ಪಂದಕ್ಕೂ ಇದಕ್ಕೂ ಏನು ವ್ಯತ್ಯಾಸ ಹೇಳಿ?

ಇದು ಇವತ್ತು ನಿನ್ನೆಯದಲ್ಲ. ಕುಡತಿನಿಯಿಂದ ತೋರಣಗಲ್ಲು ಕಡೆ ಹೋಗುವಾಗ ಗುಡ್ಡಗಳ ನಡುವೆ ಬೂದಿದಿಬ್ಬ ಇದೆ. ಭೀಮ ಕೊಂದ ಹಿಡಿಂಬನ ಚಿತೆಯ ಬೂದಿ ಅದು ಅಂತ ಹಿರಿಯರು ಹೇಳೋರು. ಹಂಪಿ ಹತ್ತಿರದ ನಿಂಬಾಪುರದಲ್ಲಿ ಇಂಥದ್ದೇ ದಿಬ್ಬಕ್ಕೆ ವಾಲಿಯ ಹೆಸರು. 19ನೇ ಶತಮಾನದಲ್ಲಿ ನ್ಯೂಬೋಲ್ಡ್ ಎಂಬ ಸೇನಾಧಿಕಾರಿ, ಆಮೇಲೆ ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಇಂಥ ದಿಬ್ಬಗಳ ಬಗ್ಗೆ ಬರೆದರು. 1957ರಲ್ಲಿ ಆಲ್ಚಿನ್ ಅವರು ಈಗಿನ ತೆಲಂಗಾಣದ ಉಟ್ನೂರಿನಲ್ಲಿ ಅಗೆದು ನೋಡಿದಾಗ ದನದ ಗೊರಸಿನ ಗುರುತು, ದೊಡ್ಡಿಯ ಬೇಲಿಗೂಟದ ಗುಂಡಿ ಸಿಕ್ಕವು. ನವಶಿಲಾಯುಗದ ದನಗಾಹಿಗಳು ದೊಡ್ಡಿ ಕಟ್ಟಿ, ಸಗಣಿ ರಾಶಿಯಾದಾಗ ಅದಕ್ಕೆ ಬೆಂಕಿ ಇಟ್ಟು, ಮತ್ತೆ ಮತ್ತೆ ಹಾಗೇ ಮಾಡಿದ್ದರಿಂದ ಬೆಳೆದ ದಿಬ್ಬಗಳಿವು. ನಾಲ್ಕೈದು ಸಾವಿರ ವರ್ಷದ ಹಿಂದಿನ ಮಾತು. ಅಂದ್ರೆ ಈ ನೆಲದ ಅತಿ ಹಳೆಯ ಸ್ಮಾರಕಗಳಲ್ಲಿ ಒಂದು, ಗುಡಿಯೂ ಅಲ್ಲ, ಕೋಟೆಯೂ ಅಲ್ಲ. ಒಂದು ತಂಗುದಾಣ.

ಈಗ ಆ ತಂಗುದಾಣಗಳು ಎಲ್ಲಿವೆ? ನಮ್ಮೂರ ಪಕ್ಕ 1,700 ಮೆಗಾವ್ಯಾಟಿನ ಶಾಖೋತ್ಪನ್ನ ವಿದ್ಯುತ್ ಕೇಂದ್ರ ಬಂತು, ಅದರ ಕಲ್ಲಿದ್ದಲ ಬೂದಿಯೂ ಬಂತು. 2010ರ ಹೊತ್ತಿಗೆ ಕುಡತಿನಿ ಮತ್ತು ಸುತ್ತಲ ಹಳ್ಳಿಗಳಲ್ಲಿ ಉಕ್ಕಿನ ಕಾರ್ಖಾನೆಗಳಿಗೆ ಅಂತ ಸಾವಿರಾರು ಎಕರೆ ಸ್ವಾಧೀನವಾಯಿತು. ನಮ್ಮ ಕೆಳಗಿನ ತಾಕೂ ಅದರಲ್ಲೇ ಹೋಯಿತು. ಕಾರ್ಖಾನೆ ಏಳಲಿಲ್ಲ. ನ್ಯಾಯವಾದ ಬೆಲೆ ಕೊಡಿ, ಇಲ್ಲಾ ಭೂಮಿ ವಾಪಸ್ ಕೊಡಿ ಅಂತ 2022ರ ಡಿಸೆಂಬರ್‌ನಲ್ಲಿ ರೈತರು ಧರಣಿ ಕೂತರು. ಬೆಲೆಯ ಮಾತು ಎಲ್ಲರೂ ಆಡ್ತಾರೆ. ಆದರೆ ಆ ಹೊಲಗಳಲ್ಲಿ ವರ್ಷಾ ವರ್ಷ ರಾತ್ರಿ ಕಳೀತಿದ್ದ ಕುರಿಗಾಹಿಗೆ ಪರಿಹಾರದ ಪಟ್ಟಿಯಲ್ಲಿ ಹೆಸರೇ ಇರಲ್ಲ. ಅವನಿಗೆ ಪಹಣಿ ಇಲ್ಲವಲ್ಲ! ನೀರಾವರಿ ಕಡೆ ಎರಡು ಬೆಳೆ ಬಂದು ಹೊಲ ಖಾಲಿ ಬೀಳೋ ದಿನವೇ ಕಮ್ಮಿ. 100 ಜಾನುವಾರಿಗೆ 30 ಎಕರೆ ಗೋಮಾಳ ಇರಬೇಕು ಅಂತ ಕಾನೂನು ಹೇಳುತ್ತೆ, ನೆಲದ ಮೇಲೆ ಹುಡುಕಬೇಕು. ಜಾಗ ಸಿಕ್ಕರೂ ರಾತ್ರಿ ಕುರಿ ಕಳ್ಳತನ, ಬೆಳೆ ಮೇಯ್ದವು ಅಂತ ಜಗಳ, ಪೊಲೀಸ್ ಠಾಣೆಗೆ ಹೋದರೆ "ನೀನು ಯಾವೂರವ?" ಅನ್ನೋ ಪ್ರಶ್ನೆ.

2025ರಲ್ಲಿ ವಲಸೆ ಕುರಿಗಾಹಿಗಳ ರಕ್ಷಣೆಗೆ ಅಂತ ನಮ್ಮ ವಿಧಾನಸಭೆ ಮಸೂದೆ ಅಂಗೀಕರಿಸಿತು. 2026ನ್ನ ವಿಶ್ವಸಂಸ್ಥೆ ಹುಲ್ಲುಗಾವಲು ಮತ್ತು ಪಶುಪಾಲಕರ ವರ್ಷ ಅಂತ ಘೋಷಿಸಿದೆ. ಒಳ್ಳೇದು. ಆದರೆ ಕಾನೂನು ರಾತ್ರಿ ಹನ್ನೊಂದಕ್ಕೆ ಹೊಲಕ್ಕೆ ಬರಲ್ಲ. ಮನುಷ್ಯ ಬರಬೇಕು.

ಅದಕ್ಕೇ ನಾನು ಆಗಲೇ ಹೇಳಿದ ಬಾಕಿ ಕೆಲಸ. ಪಟ್ಟಣ ಪಂಚಾಯಿತಿಯವರು ಒಂದು ಜಾಗ ಗುರುತಿಸಲಿ, ಒಂದು ನೀರಿನ ತೊಟ್ಟಿ ಕಟ್ಟಿಸಲಿ. ಅದಕ್ಕೆ ಯಜಮಾನ್ರು ನಾವಾಗೋಣ. ನಾವು ಅಂದ್ರೆ ನಿವೃತ್ತ ಮೇಷ್ಟ್ರು, ಕಂಡಕ್ಟರು, ನರ್ಸಮ್ಮ. ಪಿಂಚಣಿ ಬರ್ತದೆ, ಕಟ್ಟೆ ಮೇಲೆ ಕೂತು ಹೊತ್ತು ಹೋಗಲ್ಲ. ಮಂದೆ ಬಂದಾಗ ಹೆಸರು ಬರಕೊಳ್ಳೋದು, ಯಾವ ರೈತನಿಗೆ ಗೊಬ್ಬರ ಬೇಕು ಅಂತ ಕೇಳಿ ಇಬ್ಬರನ್ನೂ ಜೋಡಿಸೋದು, ಪಶು ಆಸ್ಪತ್ರೆಗೆ ಫೋನ್ ಮಾಡಿ ಪಿಪಿಆರ್ ಲಸಿಕೆ ಹಾಕಿಸೋದು, ಕಳ್ಳತನವಾದರೆ ಠಾಣೆಗೆ ಜೊತೆಗೆ ಹೋಗಿ "ಇವರು ನಮಗೆ ಗೊತ್ತು" ಅಂತ ಹೇಳೋದು. ಭಾನುವಾರ ಶಾಲೆ ಮಕ್ಕಳನ್ನ ಬೂದಿದಿಬ್ಬಕ್ಕೆ ಕರಕೊಂಡು ಹೋಗಿ, ಇಲ್ಲಿ ಮಣ್ಣು ತೆಗೀಬೇಡಿ, ಕಸ ಹಾಕಬೇಡಿ ಅಂತ ಹೇಳೋದೂ ಅದೇ ಕೆಲಸದ ಭಾಗ.

ನಾವು ನಾಲ್ಕು ಜನ ಒಂದು ನೋಟ್‌ಬುಕ್ಕು, ಒಂದು ಫೋನ್ ನಂಬರ್ ಇಟ್ಟುಕೊಂಡು ಈ ಸುಗ್ಗಿಗೆ ಶುರು ಮಾಡ್ತಿದ್ದೀವಿ. ಜಾಗದ ಅರ್ಜಿಯನ್ನೂ ಕೊಟ್ಟಿದ್ದೀವಿ. ಕೇಳ್ತಿರೋ ನೀವು ಯಾವ ಊರಿನವರೇ ಆಗಿರಿ, ಮಂದೆ ನಿಮ್ಮೂರ ದಾರಿ ಹಿಡಿದಾಗ ಹೋಗಿ ಮಾತಾಡಿಸಿ. ಎಲ್ಲಿಂದ ಬಂದ್ರಿ, ನೀರು ಸಿಕ್ಕಿತಾ, ಇಷ್ಟು ಕೇಳಿದರೆ ಸಾಕು. ಉಳಿದದ್ದು ಅಲ್ಲಿಂದ ಮುಂದಕ್ಕೆ ನಡೆಯುತ್ತೆ.