ಸೂರ್ಯನ ಹಿಂದೆ ತಿರುಗುವ ಫಲಕ: ಮಲೆನಾಡಿಗೆ ಬೇಕೇ?

(ಬಳಗದ ಮಾಸಿಕ ಸಭೆಯಲ್ಲಿ ಗ್ರಾಮಸ್ಥರು ಹಾಗೂ ವಿದ್ಯಾರ್ಥಿಗಳ ಮುಂದೆ ನೀಡಿದ ಉಪನ್ಯಾಸದ ಬರಹರೂಪ)



ಗಾಳಿಮಳೆಗೆ ಮರವೊಂದು ತಂತಿಯ ಮೇಲೆ ಬಿದ್ದರೆ ದಿನಗಟ್ಟಲೆ ಕರೆಂಟಿಲ್ಲದೆ ಕಳೆಯುವ ಊರುಗಳು ಘಟ್ಟದ ಉದ್ದಕ್ಕೂ ಇವೆ. ಮಲೆನಾಡಿನ ಒಂಟಿಮನೆಗಳು ಸೌರವಿದ್ಯುತ್ತಿನತ್ತ ಮುಖ ಮಾಡಿರುವುದಕ್ಕೆ ಇದೇ ಮುಖ್ಯ ಕಾರಣ. ಹಂಚಿನ ಮಾಡಿನ ಮೇಲೆ, ಅಂಗಳದ ಅಂಚಿನಲ್ಲಿ ಫಲಕಗಳು ಕಾಣಿಸಿಕೊಂಡ ಮೇಲೆ ಒಂದು ಪ್ರಶ್ನೆಯೂ ಹುಟ್ಟಿದೆ. ಬೆಳಗಿನಿಂದ ಸಂಜೆಯವರೆಗೆ ಸೂರ್ಯನ ಕಡೆಗೇ ತಿರುಗುತ್ತಿರುವ ಚೌಕಟ್ಟನ್ನು, ಅಂದರೆ ಟ್ರ್ಯಾಕರನ್ನು, ಅಳವಡಿಸಿದರೆ ಹೆಚ್ಚು ವಿದ್ಯುತ್ತು ಸಿಗುವುದಿಲ್ಲವೇ? ಸಿಗುತ್ತದೆ, ಅದರಲ್ಲಿ ಸಂದೇಹವಿಲ್ಲ. ಆದರೆ ಎಷ್ಟು ಸಿಗುತ್ತದೆ, ಯಾವ ಊರಿನಲ್ಲಿ ಸಿಗುತ್ತದೆ, ಅದಕ್ಕೆ ತೆರಬೇಕಾದ ಬೆಲೆ ಏನು ಎಂಬುದನ್ನು ಲೆಕ್ಕ ಹಾಕಿಯೇ ತೀರ್ಮಾನಿಸಬೇಕು.

ಲಾಭ ಬರುವುದು ಎಲ್ಲಿಂದ?

ಸೂರ್ಯನು ಗಂಟೆಗೆ 15 ಡಿಗ್ರಿಯಂತೆ ಆಕಾಶದಲ್ಲಿ ಸಾಗುತ್ತಾನೆ. ಬಿಸಿಲು ಫಲಕದ ಮೇಲೆ ನೇರವಾಗಿ ಬಿದ್ದರೆ ಪೂರ್ಣ ಫಲ. ಓರೆಯಾಗಿ ಬಿದ್ದಷ್ಟೂ ಫಲ ಕಡಿಮೆ. ವಿದ್ಯಾರ್ಥಿಗಳು ಶಾಲೆಯಲ್ಲಿ ಕಲಿತ ಕೊಸೈನ್ ಕೋಷ್ಟಕವೇ ಇಲ್ಲಿ ಸಾಕು. 20 ಡಿಗ್ರಿ ಓರೆಯಾದರೆ ನಷ್ಟ ಶೇಕಡಾ 6 ಮಾತ್ರ. 45 ಡಿಗ್ರಿಗೆ ಶೇಕಡಾ 29, 60 ಡಿಗ್ರಿಗೆ ಅರ್ಧ. ದಕ್ಷಿಣಕ್ಕೆ ಸರಿಯಾಗಿ ಬಾಗಿಸಿ ನಿಲ್ಲಿಸಿದ ಸ್ಥಿರ ಫಲಕವು ಮಾರ್ಚ್ ಮತ್ತು ಸೆಪ್ಟೆಂಬರಿನ ವಿಷುವದ ದಿನಗಳಲ್ಲಿ ನಡುಹಗಲಿಗೆ ಪೂರ್ತಿ ಬಿಸಿಲನ್ನು ಪಡೆಯುತ್ತದೆ. ಬೆಳಿಗ್ಗೆ 9ಕ್ಕೆ ಮತ್ತು ಮಧ್ಯಾಹ್ನ 3ಕ್ಕೆ ಅದಕ್ಕೆ ದಕ್ಕುವುದು ನೇರ ಬಿಸಿಲಿನ ಶೇಕಡಾ 71. ಬೆಳಿಗ್ಗೆ 8ಕ್ಕೆ ಮತ್ತು ಸಂಜೆ 4ಕ್ಕೆ ಅರ್ಧ. ಟ್ರ್ಯಾಕರು ಗಳಿಸಿಕೊಡುವುದು ಈ ಕೊರತೆಯನ್ನು. ಹೀಗಾಗಿ ಅದರ ಲಾಭದ ಬಹುಭಾಗ ಬೆಳಗಿನ ಹಾಗೂ ಸಂಜೆಯ ಹೊತ್ತಿನದು. ನಡುಹಗಲಿನಲ್ಲಿ ಅದರಿಂದ ಆಗುವ ಪ್ರಯೋಜನ ಅತ್ಯಲ್ಪ.

ನಿರ್ಮಲ ಆಕಾಶದ ಬಯಲು ಪ್ರದೇಶಗಳಲ್ಲಿ, ಪೂರ್ವದಿಂದ ಪಶ್ಚಿಮಕ್ಕೆ ಮಾತ್ರ ತಿರುಗುವ ಏಕಾಕ್ಷ ಚೌಕಟ್ಟಿನಿಂದ ವರ್ಷಕ್ಕೆ ಸುಮಾರು ಶೇಕಡಾ 15ರಿಂದ 25ರಷ್ಟು ಹೆಚ್ಚುವರಿ ವಿದ್ಯುತ್ತು ದೊರೆಯುತ್ತದೆ. ಋತುಮಾನಕ್ಕೆ ತಕ್ಕಂತೆ ಉತ್ತರ ದಕ್ಷಿಣಕ್ಕೂ ಬಾಗುವ ದ್ವಿಅಕ್ಷ ಚೌಕಟ್ಟಿನಿಂದ ಶೇಕಡಾ 30ರ ಮೇಲೂ ದೊರೆಯಬಹುದು.

ಘಟ್ಟದ ಆಕಾಶ ಬೇರೆ

ಈ ಅಂಕಿಗಳು ಬಯಲಿನವು. ಕಣಿವೆಯಲ್ಲಿರುವ ಮನೆಗೆ ಸೂರ್ಯೋದಯ ಪಂಚಾಂಗದಲ್ಲಿರುವ ಹೊತ್ತಿಗೆ ಆಗುವುದಿಲ್ಲ. ಪೂರ್ವದಲ್ಲಿ 30 ಡಿಗ್ರಿ ಎತ್ತರಕ್ಕೆ ಗುಡ್ಡವೋ ಮರಗಳ ಸಾಲೋ ಇದ್ದರೆ ಮೊದಲ ಬಿಸಿಲು ಅಂಗಳಕ್ಕೆ ಇಳಿಯುವಾಗ 8 ಗಂಟೆ ದಾಟಿರುತ್ತದೆ. ಪಶ್ಚಿಮದಲ್ಲಿಯೂ ಹಾಗೆಯೇ ಇದ್ದರೆ ನಾಲ್ಕಕ್ಕೇ ನೆರಳು. ಚಳಿಗಾಲದ ಬೆಳಗಿನ ಇಬ್ಬನಿ, ಮಂಜು ಇದಕ್ಕೆ ಹೆಚ್ಚುವರಿ. ಟ್ರ್ಯಾಕರು ಲಾಭ ತರಬೇಕಾದ ಗಂಟೆಗಳನ್ನೇ ಗುಡ್ಡ ಮತ್ತು ಅಡಕೆ ತೋಟದ ನೆರಳು ನುಂಗಿಬಿಡುತ್ತವೆ. ತಿರುಗುವ ಫಲಕವೂ ಇಲ್ಲದ ಬಿಸಿಲನ್ನು ಹಿಡಿಯಲಾರದು.

ಎರಡನೆಯದು ಮಳೆಗಾಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಘಟ್ಟದ ಮೇಲೆ ಮೋಡ ಕವಿದಿರುವಾಗ ಬೆಳಕು ಒಂದು ದಿಕ್ಕಿನಿಂದ ಬರುವುದಿಲ್ಲ. ಇಡೀ ಆಕಾಶದಿಂದ ಚದುರಿ ಬರುತ್ತದೆ. ಆಗ ಹೆಚ್ಚು ಆಕಾಶವನ್ನು ನೋಡುವ ಫಲಕವೇ ಹೆಚ್ಚು ಗಳಿಸುತ್ತದೆ. ಮಟ್ಟಸವಾಗಿ ಮಲಗಿಸಿದ ಫಲಕಕ್ಕೆ ಇಡೀ ಆಕಾಶ ಕಾಣುತ್ತದೆ. 15 ಡಿಗ್ರಿ ಬಾಗಿದ ಫಲಕಕ್ಕೂ ಬಹುತೇಕ ಅಷ್ಟೇ ಕಾಣುತ್ತದೆ. ಮೋಡದ ಮರೆಯ ಸೂರ್ಯನನ್ನು ಅರಸಿ 60 ಡಿಗ್ರಿ ಬಾಗಿದ ಫಲಕಕ್ಕೆ ಕಾಣುವುದು ಆಕಾಶದ ಮುಕ್ಕಾಲು ಪಾಲು ಮಾತ್ರ. ಅಂದರೆ ಮಲೆನಾಡಿನ ಮನೆಗೆ ವಿದ್ಯುತ್ತು ಅತ್ಯಂತ ಅಗತ್ಯವಾಗುವ ನಾಲ್ಕು ತಿಂಗಳುಗಳಲ್ಲಿ ಟ್ರ್ಯಾಕರಿನಿಂದ ಲಾಭವಿಲ್ಲ. ಕೆಲವೊಮ್ಮೆ ನಷ್ಟವೇ ಉಂಟು.

ಫಲಕ ದುಬಾರಿಯಾಗಿದ್ದ ಕಾಲದ ಉಪಾಯ

1982ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದ ಹೆಸ್ಪೀರಿಯ ಎಂಬಲ್ಲಿ ಒಂದು ಮೆಗಾವ್ಯಾಟ್ ಸಾಮರ್ಥ್ಯದ ಸೌರ ಸ್ಥಾವರವನ್ನು 108 ದ್ವಿಅಕ್ಷ ಟ್ರ್ಯಾಕರುಗಳ ಮೇಲೆ ನಿರ್ಮಿಸಲಾಯಿತು. ಆಗ ಫಲಕವೇ ಅತ್ಯಂತ ದುಬಾರಿ ವಸ್ತು. ಒಂದೊಂದು ಫಲಕದಿಂದಲೂ ಆದಷ್ಟು ಹೆಚ್ಚು ದುಡಿಸಿಕೊಳ್ಳುವುದು ವಿವೇಕವೇ ಆಗಿತ್ತು. 2008ರ ಸುಮಾರಿನಲ್ಲಿಯೂ ಫಲಕದ ಬೆಲೆ ವ್ಯಾಟ್‌ಗೆ ಹೆಚ್ಚು ಕಡಿಮೆ 4 ಡಾಲರ್ ಇತ್ತು. 2020ರ ವೇಳೆಗೆ ಸಗಟು ಬೆಲೆ ಕಾಲು ಡಾಲರಿನ ಆಸುಪಾಸಿಗೆ ಇಳಿಯಿತು. ಆದರೆ ಕಬ್ಬಿಣ, ಮೋಟಾರು, ಬೇರಿಂಗು, ಕೆಲಸಗಾರರ ಕೂಲಿ ಹೀಗೆ ಇಳಿದಿಲ್ಲ. ಹಳೆಯ ಲೆಕ್ಕ ತಲೆಕೆಳಗಾದದ್ದು ಇಲ್ಲಿಯೇ.

ಒಂದು ಕಿಲೋವ್ಯಾಟ್ ಸಾಮರ್ಥ್ಯದ ಮನೆಯನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. ಟ್ರ್ಯಾಕರಿನಿಂದ ಶೇಕಡಾ 20 ಹೆಚ್ಚು ಸಿಕ್ಕಿತೆಂದೇ ಇಟ್ಟುಕೊಂಡರೂ ಅದು 200 ವ್ಯಾಟ್ ಹೆಚ್ಚುವರಿ ಫಲಕಕ್ಕೆ ಸಮ. ಇಂದು ಮಾರುಕಟ್ಟೆಯಲ್ಲಿ ದೊರೆಯುವ ಒಂದೇ ಫಲಕ 500 ವ್ಯಾಟ್ ಮೀರಿರುತ್ತದೆ. ಅದು ಮೋಡ ಕವಿದ ದಿನವೂ ತನ್ನ ಪಾಲನ್ನು ಕೊಡುತ್ತದೆ. ಕೇಂದ್ರ ಸರ್ಕಾರ 2024ರಲ್ಲಿ ಆರಂಭಿಸಿದ ಪಿಎಂ ಸೂರ್ಯಘರ್ ಯೋಜನೆಯಲ್ಲಿಯೂ ಸಹಾಯಧನದ ಲೆಕ್ಕ ನಡೆಯುವುದು ಕಿಲೋವ್ಯಾಟ್ ಸಾಮರ್ಥ್ಯದ ಮೇಲೆ, ಚೌಕಟ್ಟು ತಿರುಗುತ್ತದೆಯೇ ಎಂಬುದರ ಮೇಲಲ್ಲ.

ದುರಸ್ತಿಯ ಮಾತನ್ನೂ ಮರೆಯಬಾರದು. ಸ್ಥಿರ ಫಲಕಕ್ಕೆ ಚಲಿಸುವ ಅಂಗಗಳಿಲ್ಲ. 25 ವರ್ಷಗಳ ಖಾತರಿ ಕೊಡುವುದು ಸಾಧ್ಯವಾದದ್ದು ಅದರಿಂದಲೂ ಹೌದು. ಟ್ರ್ಯಾಕರಿಗೆ ಮೋಟಾರು, ಹಲ್ಲುಚಕ್ರ, ಬೇರಿಂಗು, ನಿಯಂತ್ರಕಗಳಿವೆ. ಮಳೆಗಾಲದ ತುಕ್ಕು, ಮುಂಗಾರು ಪೂರ್ವದ ಸಿಡಿಲು, ಆಷಾಢದ ಗಾಳಿ, ಮಂಗಗಳ ಹಿಂಡು ಇವೆಲ್ಲವನ್ನೂ ಅದು ತಾಳಿಕೊಳ್ಳಬೇಕು. ಕೆಟ್ಟ ಚೌಕಟ್ಟು ಬೆಳಗಿನ ದಿಕ್ಕಿಗೇ ನಿಂತುಬಿಟ್ಟರೆ ಮಧ್ಯಾಹ್ನದ ಬಿಸಿಲೆಲ್ಲ ವ್ಯರ್ಥ. ಪೇಟೆಯಿಂದ ದುರಸ್ತಿಯವರು ಬರುವ ತನಕ ಸ್ಥಿರ ಫಲಕಕ್ಕಿಂತ ಅದರ ಸ್ಥಿತಿ ಶೋಚನೀಯ.

ಎಲ್ಲಿ ಸಾರ್ಥಕ?

ಟ್ರ್ಯಾಕರು ನಿರುಪಯುಕ್ತವೆಂದು ಇದರ ಅರ್ಥವಲ್ಲ. ವಿಶಾಲವಾದ ಮಟ್ಟಸ ನೆಲ, ಮೋಡವಿಲ್ಲದ ಆಕಾಶ, ಒಂದೇ ಮೋಟಾರಿನಿಂದ ಸಾಲು ಸಾಲು ಫಲಕಗಳನ್ನು ತಿರುಗಿಸುವ ಅನುಕೂಲ, ದುರಸ್ತಿಗೆ ಸದಾ ಸಿಬ್ಬಂದಿ ಇರುವ ಬೃಹತ್ ಸ್ಥಾವರಗಳಿಗೆ ಏಕಾಕ್ಷ ಟ್ರ್ಯಾಕರು ಇಂದಿಗೂ ಲಾಭದಾಯಕ. ಅಮೆರಿಕದ ಹೊಸ ಬೃಹತ್ ಸ್ಥಾವರಗಳಲ್ಲಿ ಬಹುಪಾಲು ಅದನ್ನೇ ಬಳಸುತ್ತವೆ. ಮಸೂರ ಅಥವಾ ಕನ್ನಡಿಗಳಿಂದ ಬಿಸಿಲನ್ನು ಕೇಂದ್ರೀಕರಿಸುವ ಸಾಧನಗಳಿಗಂತೂ ಸೂರ್ಯನನ್ನು ಹಿಂಬಾಲಿಸುವುದು ಅನಿವಾರ್ಯ.

ಬ್ಯಾಟರಿಯಿಲ್ಲದ ನೀರಾವರಿ ಪಂಪು ಇನ್ನೊಂದು ಉದಾಹರಣೆ. ಬಿಸಿಲು ಒಂದು ಮಟ್ಟ ಮುಟ್ಟದೆ ಅದು ನೀರೆತ್ತುವುದಿಲ್ಲ. ಬೆಳಗಿನ ಬಿಸಿಲನ್ನು ನೇರವಾಗಿ ಹಿಡಿದರೆ ಬೇಗ ಆರಂಭವಾಗುತ್ತದೆ. ಕೇಂದ್ರದ ನವೀಕರಿಸಬಹುದಾದ ಇಂಧನ ಸಚಿವಾಲಯದ ಸೌರಪಂಪಿನ ಮಾನದಂಡದಲ್ಲಿ ದಿನಕ್ಕೆ ಮೂರು ಬಾರಿ ಫಲಕವನ್ನು ತಿರುಗಿಸುವ ಲೆಕ್ಕದ ಮೇಲೆ ನೀರಿನ ಪ್ರಮಾಣವನ್ನು ಹೇಳಿದೆ. ಅದಕ್ಕೆ ಮೋಟಾರು ಬೇಡ, ತೋಟಕ್ಕೆ ಹೋದವರ ಕೈ ಸಾಕು.

ಸೂರ್ಯಕಾಂತಿಯ ಬೆಳೆಯಲ್ಲಿಯೂ ಇಂಥದೇ ಮಿತವ್ಯಯ ಕಾಣುತ್ತದೆ. ಎಳೆಯ ಗಿಡ ಮಾತ್ರ ಸೂರ್ಯನ ಜೊತೆಗೆ ತಿರುಗುತ್ತದೆ. ಬಲಿತು ಹೂವರಳಿದ ಮೇಲೆ ಪೂರ್ವಕ್ಕೆ ಮುಖ ಮಾಡಿ ನಿಂತುಬಿಡುತ್ತದೆ. ಬೆಳಗಿನ ಬಿಸಿಲಿಗೆ ಬೇಗ ಬೆಚ್ಚಗಾಗುವ ಆ ಹೂವಿಗೆ ಜೇನ್ನೊಣಗಳು ಹೆಚ್ಚು ಬರುತ್ತವೆ ಎಂಬುದನ್ನು 2016ರಲ್ಲಿ ಪ್ರಕಟವಾದ ಸಂಶೋಧನೆ ತೋರಿಸಿದೆ. ತಿರುಗುವುದರಿಂದ ಪ್ರಯೋಜನವಿರುವವರೆಗೆ ಮಾತ್ರ ಗಿಡ ತಿರುಗುತ್ತದೆ.

ಮಲೆನಾಡಿನ ಮನೆ ಮಾಡಬಹುದಾದದ್ದು

ಶಿರಸಿಯ ಆಸುಪಾಸಿನ ಅಕ್ಷಾಂಶ ಹದಿನಾಲ್ಕೂವರೆ ಡಿಗ್ರಿ. ಫಲಕವನ್ನು ದಕ್ಷಿಣಕ್ಕೆ 15ರಿಂದ 20 ಡಿಗ್ರಿ ಬಾಗಿಸಿದರೆ ಬಿಸಿಲಿರುವ ತಿಂಗಳುಗಳಿಗೆ ಚೆನ್ನಾಗಿ ಹೊಂದುತ್ತದೆ. ಮಳೆನೀರು ಹರಿದು ಧೂಳು, ಎಲೆ, ಪಾಚಿ ನಿಲ್ಲದಂತೆಯೂ ಆಗುತ್ತದೆ. ಡಿಸೆಂಬರಿನಲ್ಲಿ ನಡುಹಗಲ ಸೂರ್ಯ ನೆತ್ತಿಯಿಂದ 38 ಡಿಗ್ರಿ ದಕ್ಷಿಣಕ್ಕೆ ಸರಿದಾಗಲೂ 20 ಡಿಗ್ರಿ ಬಾಗಿದ ಫಲಕಕ್ಕೆ ನಡುಹಗಲಿನ ನಷ್ಟ ಕೇವಲ ಶೇಕಡಾ 5. ಕೈಗೆಟಕುವ ಚೌಕಟ್ಟಾದರೆ ದೀಪಾವಳಿಯ ಹೊತ್ತಿಗೆ ಇನ್ನಷ್ಟು ಬಾಗಿಸಿ, ಶಿವರಾತ್ರಿಯ ನಂತರ ಮತ್ತೆ ತಗ್ಗಿಸಿದರೆ ಆ ಅಲ್ಪ ನಷ್ಟವೂ ತುಂಬುತ್ತದೆ. ಬೆಳಗು ಸಂಜೆ ಎರಡೂ ಹೊತ್ತು ವಿದ್ಯುತ್ತು ಬೇಕೆಂದರೆ ಕೆಲವು ಫಲಕಗಳನ್ನು ಪೂರ್ವದ ಮಾಡಿಗೂ ಕೆಲವನ್ನು ಪಶ್ಚಿಮದ ಮಾಡಿಗೂ ಪ್ರತ್ಯೇಕವಾಗಿ ಜೋಡಿಸಬಹುದು.

ಉಳಿತಾಯವೂ ಗಳಿಕೆಯೇ. ಒಳ್ಳೆಯ ಬಿಸಿಲಿನ ದಿನ ಒಂದು ಕಿಲೋವ್ಯಾಟ್ ಫಲಕ ಸುಮಾರು 4 ಯೂನಿಟ್ ಕೊಟ್ಟರೆ ಟ್ರ್ಯಾಕರಿನ ಶೇಕಡಾ 20 ಎಂದರೆ 0.8 ಯೂನಿಟ್. 75 ವ್ಯಾಟಿನ ಎರಡು ಹಳೆಯ ಫ್ಯಾನುಗಳ ಬದಲಿಗೆ 30 ವ್ಯಾಟಿನ ಬಿಎಲ್‌ಡಿಸಿ ಫ್ಯಾನುಗಳನ್ನು ಹಾಕಿ ಹತ್ತು ಗಂಟೆ ತಿರುಗಿಸಿದರೆ ಉಳಿಯುವುದು 0.9 ಯೂನಿಟ್. ಮಳೆಗಾಲಕ್ಕೆ, ಮನೆಯ ಹತ್ತಿರ ಎತ್ತರದಿಂದ ಇಳಿಯುವ ಹಳ್ಳವಿದ್ದವರಿಗೆ ಕಿರು ಜಲವಿದ್ಯುತ್ ಯಂತ್ರವೇ ಸೂರ್ಯನ ನಿಜವಾದ ಜೊತೆಗಾರ. ಬಿಸಿಲು ಅಡಗಿದಾಗಲೇ ಹಳ್ಳ ತುಂಬುತ್ತದೆ.

ಕೊನೆಯದಾಗಿ, ಈ ಸಭೆ ಗಂಭೀರವಾಗಿ ಯೋಚಿಸಬೇಕಾದ ಒಂದು ಸಂಗತಿ ಉಂಟು. ಸಾಲ ಮಾಡಿ ಟ್ರ್ಯಾಕರು ಹಾಕಿಸಿದ ಮನೆಯವರಿಗೆ ಬೆಳಗಿನ ಬಿಸಿಲಿಗೆ ಅಡ್ಡಬರುವ ಪೂರ್ವದಿಕ್ಕಿನ ಮರಗಳು ಶತ್ರುಗಳಂತೆ ಕಾಣತೊಡಗುತ್ತವೆ. ಕಾಡನ್ನು ಉಳಿಸಲೆಂದು ಒಪ್ಪಿಕೊಂಡ ಸೌರವಿದ್ಯುತ್ತು ಹಿತ್ತಿಲ ಹಲಸಿನ ಮರಕ್ಕೆ ಕೊಡಲಿಯಾಗಬಾರದು. ಚೌಕಟ್ಟು ಕೊಳ್ಳುವ ಮೊದಲು ಒಂದು ದಿನ ಅಂಗಳದಲ್ಲಿ ಕೋಲೊಂದನ್ನು ನೆಟ್ಟು, ಬಿಸಿಲು ಎಷ್ಟು ಗಂಟೆಗೆ ಬರುತ್ತದೆ, ಎಷ್ಟಕ್ಕೆ ಹೋಗುತ್ತದೆ ಎಂದು ಬರೆದಿಟ್ಟುಕೊಳ್ಳಬೇಕು. ಒಂಬತ್ತರಿಂದ ಮೂರರವರೆಗೆ ಮಾತ್ರ ಬಿಸಿಲು ಕಾಣುವ ಮನೆಗೆ ಟ್ರ್ಯಾಕರು ಬೇಡ. ಅದೇ ಹಣಕ್ಕೆ ಇನ್ನೊಂದು ಫಲಕ ಬರಲಿ. ಶಾಲೆಯ ಮಕ್ಕಳು ಊರಿನ ಹತ್ತು ಮನೆಗಳಲ್ಲಿ ಈ ಲೆಕ್ಕ ತೆಗೆದು ಮುಂದಿನ ಸಭೆಗೆ ತಂದರೆ ಇಡೀ ಊರಿಗೇ ಉಪಕಾರವಾದೀತು.