ಸಿಪ್ಪೆಯ ಹೊದಿಕೆ ಮಲೆನಾಡಿಗೆ ಸಲ್ಲುವುದೇ?



ಏಕಬಳಕೆಯ ಹಲವು ಪ್ಲಾಸ್ಟಿಕ್ ವಸ್ತುಗಳನ್ನು ಕೇಂದ್ರ ಸರ್ಕಾರವು 2022ರ ಜುಲೈ 1ರಿಂದ ನಿಷೇಧಿಸಿದೆ. ಬದಲಿಗೆ ಹಣ್ಣಿನ ಸಿಪ್ಪೆಯಿಂದಲೇ ಹೊದಿಕೆ ಮಾಡಬಹುದೆಂಬ ಮಾತು ಕೇಳಿಬರುತ್ತಿದೆ. ಮಾತು ಸುಳ್ಳಲ್ಲ. ಕಿತ್ತಳೆ, ನಿಂಬೆಗಳ ಸಿಪ್ಪೆಯ ಬಿಳಿಯ ಒಳಪದರದಲ್ಲಿ ಪೆಕ್ಟಿನ್ ಹೇರಳವಾಗಿದೆ. ಜಾಮ್ ಗಟ್ಟಿಯಾಗುವುದು ಅದರಿಂದಲೇ. ಆಮ್ಲ ಬೆರೆಸಿದ ಬಿಸಿನೀರಿನಲ್ಲಿ ಅದನ್ನು ಹೊರತೆಗೆದು, ಮದ್ಯಸಾರದಿಂದ ಬೇರ್ಪಡಿಸಿ, ಪುನಃ ನೀರಿನಲ್ಲಿ ಕರಗಿಸಿ, ಬಾಗುವಂತಾಗಲು ಗ್ಲಿಸರಿನ್ ಕೂಡಿಸಿ ತೆಳ್ಳಗೆ ಹರಡಿ ಒಣಗಿಸಿದರೆ ಪಾರದರ್ಶಕ ಪೊರೆ ದೊರೆಯುತ್ತದೆ. ಮಣ್ಣಿಗೆ ಬಿದ್ದರೆ ಸೂಕ್ಷ್ಮಜೀವಿಗಳು ಅದನ್ನು ತಿಂದು ಮುಗಿಸುತ್ತವೆ.

ಆದರೆ ಈ ಪೊರೆಗೆ ನೀರೇ ಶತ್ರು. ನಮ್ಮ ಆಷಾಢದಲ್ಲಿ ಡಬ್ಬಿಯ ಉಪ್ಪೇ ನೀರಾಗುವಾಗ ಇದರ ಗತಿಯೇನು! ಒಣ ಸರಕಿಗಷ್ಟೇ ಇದು ತಕ್ಕದ್ದು. ಒದ್ದೆಯ ಪದಾರ್ಥಕ್ಕೆ ಬಾಳೆಲೆ, ಅಡಿಕೆ ಹಾಳೆ ಇದ್ದೇ ಇವೆ.

ಇನ್ನು, ಹಳ್ಳಿಯಲ್ಲಿ ಸಿಪ್ಪೆಯು ತ್ಯಾಜ್ಯವೇ? ಹಲಸಿನ ಸಿಪ್ಪೆ ಕೊಟ್ಟಿಗೆಗೆ ಸಲ್ಲುತ್ತದೆ. ಮುರುಗಲಿನಲ್ಲಂತೂ ಸಿಪ್ಪೆಯೇ ಫಸಲು. ಸಿಪ್ಪೆ ರಾಶಿಯಾಗಿ ಕೊಳೆಯುವುದು ಪೇಟೆಯ ಹಣ್ಣಿನ ರಸದಂಗಡಿಗಳ ಹಿಂದೆ, ಕಾರ್ಖಾನೆಗಳ ಅಂಗಳದಲ್ಲಿ. ಘಟಕವೂ ಅಲ್ಲಿಯೇ ಏಳಲಿ. ದನದ ಬಾಯಿಂದ ಕಸಿದು, ಲಾರಿಯಲ್ಲಿ ಘಟ್ಟ ಇಳಿಸಿ ತಯಾರಿಸಿದ ಹೊದಿಕೆಯನ್ನು ಪರಿಸರಸ್ನೇಹಿಯೆಂದು ಕರೆಯಲು ನನಗೆ ಮನಸ್ಸಿಲ್ಲ.

ಬರುವ ಹಲಸಿನ ಕಾಲದಲ್ಲಿ ವಿದ್ಯಾರ್ಥಿಗಳು ಮನೆಮನೆಯ ಸಿಪ್ಪೆಯನ್ನು ತೂಗಿ, ಅದು ಎಲ್ಲಿಗೆ ಹೋಗುತ್ತದೆಂದು ಬರೆದಿಡಬೇಕು. ಊರಿನಲ್ಲಿ ಘಟಕ ಬೇಕೋ ಬೇಡವೋ ಎಂಬ ಮಾತು ಆ ಬಳಿಕ.