ಗಡಿಯಾಚೆಯ ಕಾರ್ಖಾನೆ, ಗಡಿಯೀಚೆಯ ತೆರಿಗೆ

ಬೀದರದಲ್ಲಾಗಲಿ ಭಾಲ್ಕಿಯಲ್ಲಾಗಲಿ ಹೊಸದಾಗಿ ಮೋಟಾರು ಕಾರು ಕೊಂಡವರನ್ನು "ಎಷ್ಟಾಯಿತು?" ಎಂದು ಕೇಳಿ ನೋಡಿ. ಅವರು ಒಂದು ಬೆಲೆ ಹೇಳುವುದಿಲ್ಲ, ಎರಡು ಹೇಳುತ್ತಾರೆ: ಅಂಗಡಿಯಲ್ಲಿ ಇಷ್ಟು, ರಸ್ತೆಗೆ ಇಳಿಸುವ ಹೊತ್ತಿಗೆ ಇಷ್ಟು. ಇವೆರಡರ ನಡುವೆ ಲಕ್ಷ ರೂಪಾಯಿಗೂ ಮಿಕ್ಕಿದ ಅಂತರ ಇರುವುದುಂಟು. ಆ ಅಂಗಡಿಯ ಬೆಲೆಯ ಹೊಟ್ಟೆಯೊಳಗೆ ಮೂರನೆಯದೊಂದು ಬೆಲೆ ಅಡಗಿರುತ್ತದೆ, ಅದು ಕಾರ್ಖಾನೆಯವರದು. ಅದನ್ನು ಕೇಳುವವರೂ ಇಲ್ಲ, ಹೇಳುವವರೂ ಇಲ್ಲ. ಈ ಮೂರು ಬೆಲೆಗಳ ವಿಚಾರವನ್ನು ಇಂದು ತಮ್ಮ ಮುಂದೆ ಇಡಬೇಕೆಂದಿದ್ದೇನೆ.

ನಾನು ಕನ್ನಡ ಕಲಿಸುವ ಉಪಾಧ್ಯಾಯ, ಅರ್ಥಶಾಸ್ತ್ರಜ್ಞನಲ್ಲ. ಆದರೆ ಮಾತುಗಳ ಮೂಲ ಹುಡುಕುವುದು ನನ್ನ ವೃತ್ತಿ. 'ತೆರು' ಎಂಬ ಧಾತುವಿನಿಂದ 'ತೆರಿಗೆ' ಬಂದಿತು. ಕೊಡಲೇಬೇಕಾದುದನ್ನು ಕೊಡುವುದು ಎಂದು ಅದರ ಭಾವ. 'ಶುಲ್ಕ'ವು ತದ್ಭವವಾಗಿ 'ಸುಂಕ'ವಾಯಿತು. ನಮ್ಮ ಜಿಲ್ಲೆಯದೇ ಆದ ಕಲ್ಯಾಣದ ಶರಣರಲ್ಲಿ ಸುಂಕ ಎತ್ತುವ ಕಾಯಕದವರೊಬ್ಬರಿದ್ದರು, ಸುಂಕದ ಬಂಕಣ್ಣನವರು. ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡಂತೆ ಎಂಬ ಗಾದೆ ಇರುವ ನಾಡಿನಲ್ಲಿ ಸುಂಕದವರೊಬ್ಬರು ವಚನಕಾರರೂ ಆದರೆಂಬುದು ನನಗೆ ಸದಾ ಸಂತೋಷ ಕೊಡುವ ಸಂಗತಿ. ಇರಲಿ, ಲೆಕ್ಕಕ್ಕೆ ಬರೋಣ.

ಕಾರ್ಖಾನೆಯವರು ಮತ್ತು ಮಾರಾಟಗಾರರು ತಮ್ಮ ಪಾಲಿಗೆ 6 ಲಕ್ಷ ರೂಪಾಯಿ ಇಟ್ಟುಕೊಳ್ಳುವ ಒಂದು ಸಣ್ಣ ಪೆಟ್ರೋಲ್ ಕಾರು ಎಂದಿಟ್ಟುಕೊಳ್ಳಿ. 2017ರ ಜುಲೈ 1ರಂದು ಜಿಎಸ್‌ಟಿ ಜಾರಿಗೆ ಬಂದಿತು. ಅಂಥ ಕಾರಿನ ಮೇಲೆ ನೂರಕ್ಕೆ 28ರಂತೆ ತೆರಿಗೆ, ಮೇಲೆ ನೂರಕ್ಕೆ 1ರಂತೆ ಪರಿಹಾರ ಉಪಕರ ಬೀಳುತ್ತಿತ್ತು. ಅಂಗಡಿಯ ಬೆಲೆ 7,74,000 ರೂಪಾಯಿ ಆಗುತ್ತಿತ್ತು. 2025ರ ಸೆಪ್ಟೆಂಬರ್ 22ರಿಂದ ಇದು ನೂರಕ್ಕೆ 18ಕ್ಕೆ ಇಳಿದು, ಉಪಕರವೂ ಹೋಯಿತು. ಈಗ ಅದೇ ಕಾರು 7,08,000ಕ್ಕೆ ಬರುತ್ತದೆ. ದೊಡ್ಡ ಕಾರುಗಳಿಗೆ ನೂರಕ್ಕೆ 40 ಎಂದು ಗೊತ್ತುಮಾಡಿದರು.

ಸಣ್ಣದು ಯಾವುದು, ದೊಡ್ಡದು ಯಾವುದು? ನಾಲ್ಕು ಮೀಟರು ಮೀರದ ಉದ್ದ, ಪೆಟ್ರೋಲಾದರೆ 1200 ಸಿಸಿ, ಡೀಸೆಲಾದರೆ 1500 ಸಿಸಿ ದಾಟದ ಎಂಜಿನು ಇದ್ದರೆ ಸಣ್ಣದು. ಈ ನಾಲ್ಕು ಮೀಟರಿನ ಗೆರೆ 2006ರ ಮುಂಗಡ ಪತ್ರದಿಂದ ಬಂದದ್ದು. ಆ ಗೆರೆಯೊಳಗೆ ನುಸುಳಬೇಕೆಂದು 2008ರಲ್ಲಿ ಟಾಟಾ ಕಂಪನಿಯವರು ತಮ್ಮ ಇಂಡಿಗೊ ಕಾರಿನ ಹಿಂಬದಿಯನ್ನು ಮೊಟಕು ಮಾಡಿ ಹೊಸ ಮಾದರಿಯೊಂದನ್ನೇ ಹೊರತಂದರು. ಇಂದು ನಮ್ಮ ಬೀದಿಗಳಲ್ಲಿ ಬಾಲ ಮೊಂಡಾದ ಕಾರುಗಳು ಇಷ್ಟೊಂದು ಕಾಣುವುದಕ್ಕೆ ತೆರಿಗೆಯ ಕಾಯಿದೆ ದೊಡ್ಡ ಕಾರಣ. ದರ್ಜಿ ಅಳೆದು ಹೊಲಿಯುವುದು ಸಹಜ. ಇಲ್ಲಿ ಖಜಾನೆಯೇ ಅಳತೆಗೋಲು ಹಿಡಿದಿದೆ.

ಕೇಂದ್ರದ ಕಥೆ ಅಲ್ಲಿಗಾಯಿತು. ಮುಂದೆ ರಾಜ್ಯದ ಬಾಗಿಲು. ಕರ್ನಾಟಕದ ಮೋಟಾರು ವಾಹನ ತೆರಿಗೆ ಕಾಯಿದೆ 1957ರದು. ಹಿಂದೆ ಕಾರಿನ ತೆರಿಗೆಯನ್ನು ಕಂತುಕಂತಾಗಿ ಕಟ್ಟುತ್ತಿದ್ದರು. ಈಗ ಜೀವಾವಧಿ ತೆರಿಗೆ ಎಂದು ಒಂದೇ ಸಲಕ್ಕೆ ಕಟ್ಟಬೇಕು. ಕೆಲವು ವರ್ಷಗಳಿಂದ ನಡೆದುಬಂದ ದರಪಟ್ಟಿಯಂತೆ 5 ಲಕ್ಷದವರೆಗಿನ ಕಾರಿಗೆ ನೂರಕ್ಕೆ 13, 10 ಲಕ್ಷದವರೆಗೆ 14, 20 ಲಕ್ಷದವರೆಗೆ 17, ಅದಕ್ಕೂ ಮೇಲ್ಪಟ್ಟರೆ 18. ಆ ತೆರಿಗೆಯ ಮೇಲೆ ಸಣ್ಣದೊಂದು ಉಪಕರ. ನೂರಕ್ಕೆ ಇಷ್ಟು ಎನ್ನುವುದು ಯಾವ ನೂರಕ್ಕೆ ಎಂಬುದನ್ನು ಗಮನಿಸಿ. ಜಿಎಸ್‌ಟಿ ಸೇರಿದ ಬೆಲೆಗೆ. ಎಂದರೆ ತೆರಿಗೆಯ ಮೇಲೆ ತೆರಿಗೆ. ನಮ್ಮ 7,08,000ದ ಕಾರಿಗೆ ಉಪಕರ ಬಿಟ್ಟು 99,120 ರೂಪಾಯಿ. ಎರಡೂ ತೆರಿಗೆ ಕೂಡಿದರೆ 2,07,120. ಆರು ಲಕ್ಷದ ವಸ್ತುವಿಗೆ ಎರಡು ಲಕ್ಷಕ್ಕೂ ಮೀರಿದ ತೆರಿಗೆ, ಅದೂ ದರ ಇಳಿದ ಮೇಲಿನ ಮಾತು.

ನನ್ನನ್ನು ಕಾಡುವುದು ದರಕ್ಕಿಂತ ಅದನ್ನು ವಸೂಲು ಮಾಡುವ ರೀತಿ. ಹದಿನೈದು ವರ್ಷ ಓಡಬಹುದಾದ ಗಾಡಿಯ ತೆರಿಗೆಯನ್ನು ಮೊದಲ ದಿನವೇ ಕಟ್ಟಬೇಕು. ನಮ್ಮಲ್ಲಿ ಎಷ್ಟು ಮನೆಯವರು ಕೈಗಂಟಿನಿಂದ ಕಾರು ಕೊಳ್ಳುತ್ತಾರೆ? ಸಾಲ ಮಾಡುತ್ತಾರೆ. ಕಾರಿನ ಜೊತೆಗೆ ತೆರಿಗೆಗೂ ಸಾಲ. ಈ 99,120 ರೂಪಾಯಿಯನ್ನು ನೂರಕ್ಕೆ 9ರ ಬಡ್ಡಿಗೆ ಐದು ವರ್ಷದ ಕಂತಿನಲ್ಲಿ ತೀರಿಸಿದರೆ ತಿಂಗಳಿಗೆ ಸುಮಾರು 2,058 ರೂಪಾಯಿ. ಬಡ್ಡಿಯೇ 24,000 ದಾಟುತ್ತದೆ. ಸರ್ಕಾರಕ್ಕೆ ತೆರುವ ಹಣಕ್ಕೆ ಬ್ಯಾಂಕಿಗೆ ಬಡ್ಡಿ ಕೊಡುವುದು! ನಗದು ಕೊಟ್ಟು ಕೊಳ್ಳುವ ಶ್ರೀಮಂತನಿಗೆ ಈ ಭಾರವಿಲ್ಲ. ತೊಗರಿ, ಸೋಯಾ ಮಾರಿದ ಹಣದಲ್ಲಿ ಮೊದಲ ಕಂತು ಹೊಂದಿಸುವ ಔರಾದದ ರೈತನ ಮಗನಿಗೆ ಇದೆ. ಔರಾದಕ್ಕೆ ರೈಲು ಇಲ್ಲ. ರಾತ್ರಿ ಹೊತ್ತು ಹೆರಿಗೆ ನೋವು ಬಂದವರನ್ನು ಬೀದರದ ದೊಡ್ಡಾಸ್ಪತ್ರೆಗೆ ತರಲು ಮನೆಯಲ್ಲಿ, ಇಲ್ಲವೇ ನೆರೆಯಲ್ಲಿ, ಒಂದು ಗಾಡಿ ಇರಬೇಕು. ಅಂಥ ಕಡೆ ಕಾರನ್ನು ವಿಲಾಸದ ವಸ್ತು ಎನ್ನಲು ನನಗೆ ನಾಲಿಗೆ ಏಳುವುದಿಲ್ಲ.

ಗಡಿ ದಾಟಿ ಉದಗೀರಕ್ಕೆ ಹೋಗಿ. ಅಲ್ಲಿ ಮಹಾರಾಷ್ಟ್ರದ ದರ. 10 ಲಕ್ಷದೊಳಗಿನ ಪೆಟ್ರೋಲ್ ಕಾರಿಗೆ ನೂರಕ್ಕೆ 11. ಅದೇ ಕಾರಿಗೆ 77,880 ರೂಪಾಯಿ, ಎಂದರೆ 21,240 ಕಡಮೆ. ಹಾಗೆಂದು ಔರಾದದವರು ಅಲ್ಲಿ ಹೆಸರು ಹಚ್ಚಿಸುವಂತಿಲ್ಲ. ವಾಸವಿರುವ ರಾಜ್ಯದಲ್ಲೇ ನೋಂದಣಿ ಆಗಬೇಕು. ಬೇರೆ ರಾಜ್ಯದ ಗಾಡಿಯನ್ನು ಹನ್ನೆರಡು ತಿಂಗಳಿಗಿಂತ ಹೆಚ್ಚು ಕಾಲ ಇಲ್ಲಿಟ್ಟರೆ ಕೇಂದ್ರದ ಕಾಯಿದೆಯಂತೆ ಹೊಸ ಸಂಖ್ಯೆ ಪಡೆಯಬೇಕು. ತೆಲಂಗಾಣವು 2022ರಲ್ಲಿ ತನ್ನ ದರವನ್ನು ಏರಿಸಿ ಬಹುಮಟ್ಟಿಗೆ ನಮ್ಮ ಸಮಕ್ಕೆ ತಂದುಕೊಂಡಿತು. ಅತ್ತ ಹೋದರೂ ಹೆಚ್ಚಿನ ಲಾಭವಿಲ್ಲ.

ಇಲ್ಲಿ ಹಿರಿಯರು ಬಲ್ಲ, ಕಿರಿಯರು ಮರೆತ ಒಂದು ಮಾತನ್ನು ನೆನಪಿಸಬೇಕು. ಈ ಉದಗೀರ 1956ರ ನವೆಂಬರ್ 1ರವರೆಗೆ ಬೀದರ ಜಿಲ್ಲೆಯ ತಾಲ್ಲೂಕು. ಅಹಮದಪುರ, ನಿಲಂಗಾ ಕೂಡ. ಅವು ಮುಂಬಯಿ ರಾಜ್ಯಕ್ಕೆ ಹೋದವು. ಪೂರ್ವದಲ್ಲಿ ಜಹೀರಾಬಾದ್ ತಾಲ್ಲೂಕಿನ ಬಹುಭಾಗ, ನಾರಾಯಣಖೇಡ, ನ್ಯಾಲಕಲ್ ಆಂಧ್ರಕ್ಕೆ ಸೇರಿದವು. ಭಾಷೆಯ ನ್ಯಾಯ ಅದು. ಅದರಲ್ಲಿ ನನಗೆ ತಕರಾರಿಲ್ಲ. ಆದರೆ ಅಂದು ಆಚೆಗೆ ಹೋದ ಜಹೀರಾಬಾದ್ ಊರು ಈಗ ಏನಾಗಿದೆ ಎಂಬುದನ್ನು ನೋಡಿ.

ಹೈದರಾಬಾದಿನ ಆಲ್ವಿನ್ ಕಂಪನಿ 1942ರಲ್ಲಿ, ನಿಜಾಮರ ಕಾಲದಲ್ಲಿ, ಆರಂಭವಾದದ್ದು. ಆಗ ಬೀದರವೂ ಅದೇ ಸಂಸ್ಥಾನದ ಜಿಲ್ಲೆ. ಅದೇ ಕಂಪನಿ 1980ರ ದಶಕದಲ್ಲಿ ಜಪಾನಿನ ನಿಸ್ಸಾನ್ ಜೊತೆ ಕೂಡಿ ಸಣ್ಣ ಲಾರಿಗಳ ಕಾರ್ಖಾನೆಯನ್ನು ಜಹೀರಾಬಾದಿನಲ್ಲಿ ಕಟ್ಟಿತು. ಮುಂದೆ ಅದು ಮಹೀಂದ್ರ ಕಂಪನಿಯ ಕೈಗೆ ಬಂತು. ಜೀತೋ ಎಂಬ ಪುಟ್ಟ ಸರಕುಗಾಡಿ 2015ರಲ್ಲಿ ಅಲ್ಲಿಂದ ಹೊರಬಂದಿತು. ಟ್ರ್ಯಾಕ್ಟರುಗಳೂ ಅಲ್ಲಿ ಆಗುತ್ತವೆ. ಬೀದರ ಕೋಟೆಯಿಂದ ಆ ಊರಿಗೆ ಸುಮಾರು 30 ಕಿಲೋಮೀಟರು.

ಇಷ್ಟು ಹತ್ತಿರ ಕಾರ್ಖಾನೆ ಇದ್ದರೂ ನಮಗೆ ಗಾಡಿ ಅಗ್ಗವಾಗಲಿಲ್ಲವೇಕೆ ಎಂದು ಕೆಲವರು ಕೇಳುತ್ತಾರೆ. ಕಂಪನಿಗಳು ದೇಶಕ್ಕೆಲ್ಲ ಹೆಚ್ಚುಕಡಿಮೆ ಒಂದೇ ಬೆಲೆ ಕಟ್ಟುತ್ತವೆ. ಕಾರ್ಖಾನೆಯ ಗೋಡೆಗೆ ಅಂಟಿಕೊಂಡ ಊರಿಗೂ ರಿಯಾಯಿತಿ ಇಲ್ಲ. ಸ್ಥಳೀಯ ತಯಾರಿಕೆಯಿಂದ ಬೆಲೆ ಇಳಿಯುವ ಬಗೆ ಬೇರೆ. ಸರ್ ಎಂ. ವಿಶ್ವೇಶ್ವರಯ್ಯನವರು 1930ರ ದಶಕದಲ್ಲೇ ಮೋಟಾರು ಕಾರ್ಖಾನೆಯ ಯೋಜನೆ ಹಾಕಿದ್ದರು. ವಾಲಚಂದ ಹೀರಾಚಂದರೂ ಮೈಸೂರು ಸರ್ಕಾರವೂ ಉತ್ಸಾಹ ತೋರಿದರೂ ಬ್ರಿಟಿಷ್ ಸರ್ಕಾರದ ಆಸರೆ ಸಿಕ್ಕಲಿಲ್ಲ. ಕೊನೆಗೆ 1944ರಲ್ಲಿ ಮುಂಬಯಿಯಲ್ಲಿ ಪ್ರೀಮಿಯರ್ ಕಂಪನಿ ಹುಟ್ಟಿತು. 1953ರಲ್ಲಿ ಸುಂಕ ಆಯೋಗದ ಶಿಫಾರಸಿನ ಮೇಲೆ, ಭಾಗಗಳನ್ನು ಇಲ್ಲಿಯೇ ಮಾಡಲೊಪ್ಪಿದವರಿಗೆ ಮಾತ್ರ ಅವಕಾಶ ಎಂದಾಗ ಫೋರ್ಡ್, ಜನರಲ್ ಮೋಟಾರ್ಸ್ ಕಂಪನಿಗಳು ಹೊರಟುಹೋದವು. ಉಳಿದ ಎರಡು ಮೂರು ಕಂಪನಿಗಳ ಕಾರಿಗೆ ಜನ ವರ್ಷಗಟ್ಟಲೆ ಕಾದರು. ರಕ್ಷಣೆ ಇತ್ತು, ಪೈಪೋಟಿ ಇರಲಿಲ್ಲ. 1983ರಲ್ಲಿ ಮಾರುತಿ ಬಂದಾಗ ಅದರ ಸುತ್ತ ಬೆಳೆದ ನೂರಾರು ಬಿಡಿಭಾಗದ ಕಾರ್ಖಾನೆಗಳೇ ಕಾರನ್ನು ಮಧ್ಯಮವರ್ಗದ ಕೈಗೆ ತಂದವು. 1999ರ ಕೊನೆಗೆ ಬಿಡದಿಯಲ್ಲಿ ಟೊಯೋಟ ಗಾಡಿಗಳ ತಯಾರಿಕೆ ಆರಂಭವಾದಾಗಲೂ ಅದರ ಬೆನ್ನಿಗೇ ಬಿಡಿಭಾಗದವರು ಬಂದರು. ಸೀಟು, ತಂತಿ, ಗಾಜು, ನಟ್ಟು ಬೋಲ್ಟು ಮಾಡುವ ಕೈಗಳು ಒಂದೆಡೆ ಸೇರಿದಾಗ ಬೆಲೆ ಇಳಿಯುತ್ತದೆ. ಊರಿಗೆ ಕೂಲಿಯೂ ಉಳಿಯುತ್ತದೆ.

ನಮಗೆ ತಪ್ಪಿದ್ದು ಆ ಕೂಲಿ. ಭಾಲ್ಕಿಯಲ್ಲಿ ಐಟಿಐ ಮುಗಿಸಿದ ಹುಡುಗ ಪುಣೆಯ ಬಸ್ಸು ಹತ್ತುತ್ತಾನೆ, ಇಲ್ಲವೇ ಹೈದರಾಬಾದಿನದು. ನಂಜುಂಡಪ್ಪ ಸಮಿತಿ 2002ರಲ್ಲಿಯೇ ಔರಾದ, ಭಾಲ್ಕಿಗಳನ್ನು ಅತ್ಯಂತ ಹಿಂದುಳಿದ ತಾಲ್ಲೂಕುಗಳೆಂದು ಬರೆದಿಟ್ಟಿತು. 371(ಜೆ) ವಿಧಿ ಬಂದು ಸರ್ಕಾರಿ ನೌಕರಿಯಲ್ಲಿ, ಕಾಲೇಜು ಪ್ರವೇಶದಲ್ಲಿ ಪಾಲು ಸಿಕ್ಕಿತು. ಕಾರ್ಖಾನೆ ತರುವುದು ಅದರ ಕೆಲಸವಲ್ಲ. ಜಾಗ ಕೆಟ್ಟದ್ದೆನ್ನುವಂತೆಯೂ ಇಲ್ಲ. ಜಹೀರಾಬಾದಿನ ಮೂಲಕ ಹೋಗುವ ಪುಣೆ-ಹೈದರಾಬಾದ್ ಹೆದ್ದಾರಿಯೇ ನಮ್ಮ ಹುಮನಾಬಾದಿನ ಮೂಲಕವೂ ಹೋಗುತ್ತದೆ. 2017ರ ಅಕ್ಟೋಬರಿನಲ್ಲಿ ಕಲಬುರಗಿಯ ರೈಲುಮಾರ್ಗವೂ ತೆರೆಯಿತು. ಹುಮನಾಬಾದಿಗೂ ಬೀದರದ ಕೊಳ್ಹಾರಕ್ಕೂ ಕೈಗಾರಿಕಾ ಪ್ರದೇಶಗಳು ಬಂದವು. ಆದರೆ ಅಲ್ಲಿ ನೆಲೆಯೂರಿದ್ದರಲ್ಲಿ ಔಷಧಿ, ರಾಸಾಯನಿಕಗಳದೇ ಮೇಲುಗೈ. ಸತುವಿನ ಮಿಶ್ರಲೋಹವನ್ನು ಎರಕ ಹೊಯ್ದು, ಕೂದಲೆಳೆಯಷ್ಟು ಬೆಳ್ಳಿ ಕೂರಿಸುವ ಬಿದರಿ ಕಸುಬಿನ ಊರಿನವರಿಗೆ ಲೋಹದ ಕೆಲಸ ಬಾರದೆಂದು ಯಾರು ಹೇಳಬಲ್ಲರು?

2024ರ ಆಗಸ್ಟಿನಲ್ಲಿ ಕೇಂದ್ರ ಸಚಿವ ಸಂಪುಟ ಒಪ್ಪಿದ ಹನ್ನೆರಡು ಹೊಸ ಕೈಗಾರಿಕಾ ನಗರಗಳಲ್ಲಿ ಜಹೀರಾಬಾದೂ ಒಂದು. ಅಲ್ಲಿ ಇನ್ನಷ್ಟು ಗಾಡಿಗಳು ತಯಾರಾದರೆ ಅವಕ್ಕೆ ಬಿಡಿಭಾಗ ಬೇಕಾಗುತ್ತದೆ, ಅದನ್ನು ಮಾಡುವ ಪುಟ್ಟ ಕಾರ್ಖಾನೆಗಳಿಗೆ ಜಾಗ ಬೇಕಾಗುತ್ತದೆ. ನಮ್ಮ ಸರ್ಕಾರ ಹುಮನಾಬಾದಿನಲ್ಲಿ ಅದಕ್ಕೆಂದೇ ಜಾಗ, ನೀರು, ವಿದ್ಯುತ್ತು ಕಾದಿರಿಸಬೇಕು. ಬೀದರ, ಭಾಲ್ಕಿಗಳ ಐಟಿಐಗಳಲ್ಲಿ ಆ ಕಾರ್ಖಾನೆಗೆ ಬೇಕಾದ ಕೆಲಸವನ್ನು ಕಲಿಸಬೇಕು. ಸಣ್ಣ ಕಾರಿನ ಜೀವಾವಧಿ ತೆರಿಗೆಯನ್ನು ಹಿಂದಿನಂತೆ ವರ್ಷದ ಕಂತಿನಲ್ಲಿ ಕಟ್ಟಲು, ಬೇಕೆಂದವರಿಗೆ, ಬಿಡಬೇಕು. ಖಜಾನೆಗೆ ಹಣ ತಡವಾಗಿ ಬರುತ್ತದೆ ಎಂಬ ಆಕ್ಷೇಪ ಬರುವುದು ನನಗೆ ಗೊತ್ತು. ತಡವಾದರೂ ಬರುತ್ತದೆ.

ಅದೇ 2025ರ ಸೆಪ್ಟೆಂಬರಿನಲ್ಲಿ ಟ್ರ್ಯಾಕ್ಟರಿನ ಜಿಎಸ್‌ಟಿಯನ್ನು ನೂರಕ್ಕೆ 12ರಿಂದ 5ಕ್ಕೆ ಇಳಿಸಿದರು. ಟ್ರ್ಯಾಕ್ಟರು ಕೊಳ್ಳುವ ಔರಾದದ ರೈತನಿಗೆ ಈ ಇಳಿಕೆಯ ಪೂರ್ಣ ಫಲ ಸಿಕ್ಕುತ್ತದೆ. ಅದು ಜಹೀರಾಬಾದಿನಲ್ಲಿ ಕಟ್ಟಿದ ಟ್ರ್ಯಾಕ್ಟರಾದರೆ, ಕಟ್ಟಿದ ಕೂಲಿಯನ್ನು ಎಣಿಸಿಕೊಂಡ ಊರು ಗಡಿಯ ಆಚೆಗಿರುತ್ತದೆ.